ಪರದೆಯ ಚುಕ್ಕೆ ಮತ್ತು ನಮ್ಮ ಒತ್ತಕ್ಷರ

ಪ್ರಬಂಧ ಸ್ಪರ್ಧೆಯ ಪ್ರಮಾಣಪತ್ರ ಹಂಚಿದ ದಿನ ಒಬ್ಬ ಹುಡುಗಿ ತನ್ನ ಕಾಗದ ಓದಿ ನೋಡಿ ಹೊಳ್ಳಿ ಬಂದಳು. "ಸರ್, ಇದು ನಮ್ಮೂರಲ್ರಿ" ಅಂದಳು. ದಾನಮ್ಮದೇವಿಯ ಗುಡ್ಡಾಪುರ ಅದರೊಳಗೆ 'ಗುಡಾಪುರ' ಆಗಿತ್ತು. ಉಳಿದ ಕಾಗದ ತಿರುವಿದರೆ ಇನ್ನೂ ನಾಲ್ಕರಲ್ಲಿ ಇಂಥದೇ ತಪ್ಪು. ಒಬ್ಬ ಹುಡುಗನ ಹೆಸರಿನ ಕೊನೆಯ 'ಅಪ್ಪ' ಬರೀ 'ಅಪ' ಆಗಿತ್ತು. ಟೈಪು ಮಾಡಿದವನು ನಾನೇ, ಪರದೆಯ ಮೇಲೆ ಎರಡು ಸಲ ತಿದ್ದಿದವನೂ ನಾನೇ. ಕಣ್ಣಿಗೆ ಬಿದ್ದಿರಲಿಲ್ಲ.

ಕಾರಣ ಹುಡುಕುತ್ತ ಹೋದಾಗ ಅದು ವಾಚನಾಲಯದ ಗಣಕಯಂತ್ರದಲ್ಲಿ ಸಿಕ್ಕಿತು. ವಿಂಡೋಸ್ 7ಕ್ಕೆ ಸುರಕ್ಷತೆಯ ತಿದ್ದುಪಡಿ ಕೊಡುವುದು 2020ರ ಜನವರಿ 14ಕ್ಕೆ ನಿಂತಿತು. ಆಮೇಲೆ ನಾವು ಅದೇ ಹಳೆಯ ಯಂತ್ರಕ್ಕೆ ವಿಂಡೋಸ್ 10 ಹಾಕಿಸಿದೆವು. ಯಂತ್ರ ಚಾಲೂ ಆಯಿತು, ಆದರೆ ಪರದೆ ಕೆಟ್ಟಿತು. ಅಕ್ಷರ ಅಡ್ಡಕ್ಕೆ ಹಿಗ್ಗಿ, ಮಂಜಿನೊಳಗೆ ನಿಂತಂಗ ಕಾಣುತ್ತಿದ್ದವು. ಪುಟ ಪೂರ್ತಿ ಕಾಣಲೆಂದು ನಾನು ಝೂಮ್ ಅರ್ಧಕ್ಕೆ ಇಳಿಸಿ ಕೆಲಸ ಮುಗಿಸಿದ್ದೆ. ಅಲ್ಲೇ ಒತ್ತು ಕೈತಪ್ಪಿದ್ದು.

ಮೊದಲು ನಾವೆಲ್ಲ ಬೈದದ್ದು ಫಾಂಟಿಗೆ. ಎಕ್ಸ್‌ಪಿ ಕಾಲದ ತುಂಗಾ ಹೋಗಿ ನಿರ್ಮಲಾ ಬಂದಿದೆ, ಅದಕ್ಕೇ ಹೀಗೆ ಅಂದುಕೊಂಡೆವು. ಅದು ತಪ್ಪು ತಿಳಿವಳಿಕೆ.

ಪರದೆ ಅಂದರೆ ಚುಕ್ಕೆಗಳ ರಂಗೋಲಿ. ಎಷ್ಟು ಚುಕ್ಕೆ ಎಂಬುದೇ ರೆಸಲ್ಯೂಶನ್. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ ಅಡ್ಡ 640, ಉದ್ದ 480, ಅಂದರೆ ಒಟ್ಟು 3,07,200 ಚುಕ್ಕೆ. ಆಗಿನ ಡಾಸ್ ಪರದೆಯಲ್ಲಿ 25 ಸಾಲು. ಒಂದು ಅಕ್ಷರಕ್ಕೆ 9 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಮನೆ. ಇಂಗ್ಲಿಷಿಗೆ ಅಷ್ಟು ಸಾಕು, ಅದರ ಅಕ್ಷರ ಒಂದರ ಪಕ್ಕ ಒಂದು ಕೂಡ್ರುತ್ತವೆ. ನಮ್ಮ 'ರಾಷ್ಟ್ರ' ಹಾಗಲ್ಲ, ಕೆಳಗೆ ಇಳಿಯುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿಗೊಂದು ಒತ್ತು: ಇವೆಲ್ಲಕ್ಕೂ ಜಾಗ ಬೇಕು.

ನಮ್ಮ ತಾಲೂಕಿನ ಕನ್ನಡ ಶಾಲೆಯ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಬರುತ್ತದೆ. ಡಾಸ್ ಗಣಕದೊಳಗೆ ಕನ್ನಡ ಬಂದ ದಾರಿಯೂ ಪುಣೆಯದೇ! ಕಾನ್ಪುರದ ಐಐಟಿಯಲ್ಲಿ ಶುರುವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ 'ಜಿಸ್ಟ್' ಎಂಬ ಕಾರ್ಡ್ ಮಾಡಿತು. ಭಾರತದ ಲಿಪಿಗಳನ್ನು ಪರದೆಯ ಮೇಲೆ ಮೂಡಿಸಲಿಕ್ಕೆ ಯಂತ್ರದೊಳಗೆ ಬೇರೆ ಕಾರ್ಡೇ ಕೂಡ್ರಿಸಬೇಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಕನ್ನಡ ಅದರ ಒಳಗೇ ಸೇರಿತ್ತು. ಪರದೆಗಳೂ ಬೆಳೆದವು. ನಮ್ಮ ವಾಚನಾಲಯದ್ದು 1366 ಅಡ್ಡ, 768 ಉದ್ದ: ಹತ್ತು ಲಕ್ಷಕ್ಕೂ ಮೇಲೆ ಚುಕ್ಕೆ.

ಹಳೆಯ ಗಾಜಿನ ದಪ್ಪ ಮಾನಿಟರಿಗೆ ಕಡಿಮೆ ಚುಕ್ಕೆ ಕಳಿಸಿದರೂ ಅದು ಹೊಂದಿಸಿಕೊಳ್ಳುತ್ತಿತ್ತು. ಈಗಿನ ಚಪ್ಪಟೆ ಎಲ್‌ಸಿಡಿಯಲ್ಲಿ ಚುಕ್ಕೆಗಳು ಎಣಿಸಿ ನೆಟ್ಟ ಸಸಿಯಂತೆ, ಕದಲುವುದಿಲ್ಲ. ನಮ್ಮ ಯಂತ್ರ 800 ಅಡ್ಡ, 600 ಉದ್ದ ಮಾತ್ರ ಕಳಿಸುತ್ತಿತ್ತು. 4,80,000 ಚುಕ್ಕೆಯನ್ನು ಹತ್ತು ಲಕ್ಷದ ಹೊಲಕ್ಕೆ ಹರಡಿದರೆ ಒಂದೊಂದು ಚುಕ್ಕೆ ಪಕ್ಕದ ಮನೆಗೆ ಚೆಲ್ಲುತ್ತದೆ. ಮಂಜು ಅಂದದ್ದು ಇದಕ್ಕೇ.

ಯಾಕೆ ಅಷ್ಟೇ ಕಳಿಸುತ್ತಿತ್ತು? ಪರದೆ ತನ್ನ ಅಳತೆಯನ್ನು ಯಂತ್ರಕ್ಕೆ ತಾನೇ ಹೇಳುವ ಪದ್ಧತಿ 1994ರಿಂದ ಇದೆ. ಆ ಮಾತು ಹೋಗುವುದು ನೀಲಿ ತುದಿಯ ವಿಜಿಎ ಕೇಬಲ್ಲಿನ ಸೂಜಿಗಳಲ್ಲಿ. ಒಂದು ಸೂಜಿ ಬಾಗಿದ್ದರೂ ಮಾತು ನಿಲ್ಲಬಹುದು, ಅದಕ್ಕೇ ಮೊದಲು ಕೇಬಲ್ ಬಿಚ್ಚಿ ನೋಡಬೇಕು. ನಮ್ಮದು ನೆಟ್ಟಗಿತ್ತು. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ ನೋಡಿದರೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಇತ್ತು. ಅಂದರೆ ಪರದೆಯ ಚಿಪ್ಪಿಗೆ ತಕ್ಕ ಡ್ರೈವರ್ ಸಿಗದೆ ವಿಂಡೋಸ್ ಬದಲಿ ಆಳನ್ನು ಕೂಡ್ರಿಸಿತ್ತು. ಆ ಆಳಿಗೆ ಕೆಲವೇ ಅಳತೆ ಗೊತ್ತು. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 1366 ಎಂಬ ಆಯ್ಕೆಯೇ ಇರಲಿಲ್ಲ.

ನಮ್ಮ ಚಿಪ್ಪಿಗೆ ವಿಂಡೋಸ್ 10ರ ಡ್ರೈವರನ್ನು ತಯಾರಕರು ಮಾಡಿಯೇ ಇರಲಿಲ್ಲ. ವಿಂಡೋಸ್ 7ರದನ್ನೇ ಇಳಿಸಿಕೊಂಡು, 'ಕಂಪ್ಯಾಟಿಬಿಲಿಟಿ'ಯಲ್ಲಿ 7 ಎಂದು ಆರಿಸಿ ಹಾಕಿದೆವು. ಕೆಲವು ಚಿಪ್ಪಿಗೆ ಹಿಂಗ ನಡೀತದ, ಎಲ್ಲಕ್ಕೂ ಅಲ್ಲ. ಪರದೆ ಒಮ್ಮೆ ಕಪ್ಪಾಯಿತು, ಎದೆ ಧಸಕ್ಕೆಂದಿತು. ಮತ್ತೆ ಬೆಳಕಾದಾಗ 1366 ಕಾಣಿಸಿತು, ಪಕ್ಕದಲ್ಲಿ 'ರೆಕಮೆಂಡೆಡ್' ಅಂತ ಬರೆದಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಪೇಪರ್ ಓದಲು ಬಂದ ಅಜ್ಜಾರು "ತಮ್ಮಾ, ಅಕ್ಷರ ಸಣ್ಣು ಆಗ್ಯಾವಲ್ಲೊ" ಅಂದರು. ಯಾರೋ ಮತ್ತೆ 800ಕ್ಕೆ ಇಳಿಸಿದರು. ನಮ್ಮ ಶಾಲೆಗಳಲ್ಲೂ ಇದೇ ಮಾಡುತ್ತಾರೆ, ಮಾಸ್ತರು ಸಿಟ್ಟಾಗಬಾರದು. ಅಕ್ಷರ ದೊಡ್ಡದು ಬೇಕಾದರೆ ರೆಸಲ್ಯೂಶನ್ ಮುಟ್ಟಬಾರದು. ಅದೇ ಜಾಗದಲ್ಲಿರುವ 'ಸ್ಕೇಲ್' ಅನ್ನು 125 ಪ್ರತಿಶತ ಮಾಡಬೇಕು. ಆಗ ಒಂದೊಂದು ಅಕ್ಷರಕ್ಕೆ ಹೆಚ್ಚು ಚುಕ್ಕೆ ಸಿಗುತ್ತದೆ, ಒತ್ತು ಒತ್ತಾಗಿ ನಿಲ್ಲುತ್ತದೆ. ಅಜ್ಜಾರೂ ಒಪ್ಪಿದರು.

ಐದು ಪ್ರಮಾಣಪತ್ರ ಮತ್ತೆ ಅಚ್ಚು ಹಾಕಿಸಿದೆವು. ಈ ಸಲ ಮೊದಲು ಒಂದು ಕಾಗದದ ಮೇಲೆ ತೆಗೆದು, ಬೆರಳಿಟ್ಟು ಓದಿ ನೋಡಿದೆ. ಹುಡುಗಿಯದನ್ನು ಗುಡ್ಡಾಪುರಕ್ಕೆ ಹೊರಟಿದ್ದ ಗುರುಗಳ ಕೈಯಲ್ಲಿ ಕೊಟ್ಟು ಕಳಿಸಿದೆವು.