ನೈರೋಬಿಯ ಕೊಳಚೆ ಪ್ರದೇಶಗಳಲ್ಲಿ ಯುವಜನರ ಶಾಂತಿಸಾಧನೆ : ಒಂದು ಚಾರಿತ್ರಿಕ ಅವಲೋಕನ

ನಗರಗಳ ಇತಿಹಾಸದಲ್ಲಿ ಅರಮನೆ, ಕೋಟೆ, ಮಾರುಕಟ್ಟೆಗಳಿಗೆ ದೊರೆತ ಸ್ಥಾನ ಕೊಳಚೆ ಪ್ರದೇಶಗಳಿಗೆ ದೊರೆತಿಲ್ಲ. ದೊರೆತ ಕಡೆಯೂ ಅವು ರೋಗ, ಅಪರಾಧ ಹಾಗೂ ಗಲಭೆಗಳ ನೆಲೆಗಳಾಗಿ ಚಿತ್ರಿತವಾಗಿವೆ. ಅಲ್ಲಿನ ಯುವಕರು ಬಹುಮಟ್ಟಿಗೆ ಹಿಂಸೆಯ ಕರ್ತೃಗಳಾಗಿಯೇ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಪೂರ್ವ ಆಫ್ರಿಕದ ಕೀನ್ಯಾ ದೇಶದ ರಾಜಧಾನಿ ನೈರೋಬಿಯ ಮಥಾರೆ ಮತ್ತು ಕಿಬೆರಾ ಪ್ರದೇಶಗಳ ಇತಿಹಾಸವು ಈ ಚಿತ್ರವನ್ನು ತಿದ್ದಲು ಸಾಕಷ್ಟು ಆಧಾರಗಳನ್ನು ಒದಗಿಸುತ್ತದೆ. 1987ರಿಂದೀಚೆಗೆ ಅಲ್ಲಿ ಬೆಳೆದ ಯುವ ಸಂಘಟನೆಗಳ ಸ್ವರೂಪ, ಸಾಧನೆ ಮತ್ತು ಮಿತಿಗಳನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ನೈರೋಬಿಯು 1899ರಲ್ಲಿ ಉಗಾಂಡ ರೈಲುಮಾರ್ಗದ ತಂಗುದಾಣವಾಗಿ ಹುಟ್ಟಿದ ನಗರ. ಆ ಮಾರ್ಗದ ನಿರ್ಮಾಣಕ್ಕೆ ಭಾರತದಿಂದ ಸಾವಿರಾರು ಕೂಲಿಕಾರರನ್ನು ಕರೆದೊಯ್ಯಲಾಗಿತ್ತು. ವಸಾಹತು ಆಡಳಿತವು ಯುರೋಪಿಯನ್ನರು, ಏಷ್ಯನ್ನರು ಮತ್ತು ಆಫ್ರಿಕನ್ನರಿಗೆ ಬೇರೆ ಬೇರೆ ಬಡಾವಣೆಗಳನ್ನು ವಿಂಗಡಿಸಿತು. ಬ್ರಿಟಿಷ್ ಸೇನೆಯಲ್ಲಿ ದುಡಿದ ನೂಬಿಯನ್ ಸೈನಿಕರ ನೆಲೆಯಾಗಿ ಕಿಬೆರಾ ಬೆಳೆಯಿತು. ಕಲ್ಲುಗಣಿಗಳಿದ್ದ ಕಣಿವೆಯಲ್ಲಿ ಮಥಾರೆ ತಲೆಯೆತ್ತಿತು. 1963ರ ಸ್ವಾತಂತ್ರ್ಯದ ತರುವಾಯ ಹಳ್ಳಿಗಳಿಂದ ಬಂದವರು ಇಲ್ಲಿ ತಗಡಿನ ಜೋಪಡಿಗಳಲ್ಲಿ ಬಾಡಿಗೆಗೆ ನೆಲೆಸಿದರು. ನೆಲದ ಒಡೆತನ ಅಸ್ಪಷ್ಟವಾಗಿಯೇ ಉಳಿಯಿತು. ಅನೇಕ ಕಡೆ ಮನೆಯೊಡೆಯರೂ ಬಾಡಿಗೆದಾರರೂ ಬೇರೆ ಬೇರೆ ಜನಾಂಗಗಳಿಗೆ ಸೇರಿದ್ದುದರಿಂದ ಬಾಡಿಗೆಯ ವಿವಾದವು ಜನಾಂಗೀಯ ಕಲಹವಾಗಿ ಮಾರ್ಪಡುವುದು ಸುಲಭವಾಗಿತ್ತು. 2001ರ ಕೊನೆಯಲ್ಲಿ ಕಿಬೆರಾದಲ್ಲಿ ನಡೆದ ಘರ್ಷಣೆಗೆ ಬಾಡಿಗೆಯೇ ಕಾರಣ. 2006ರ ನವೆಂಬರಿನಲ್ಲಿ ಮಥಾರೆ ಹೊತ್ತಿ ಉರಿದುದಕ್ಕೆ ಕಳ್ಳಭಟ್ಟಿಯ ಮೇಲಿನ ಹಫ್ತಾ ವಸೂಲಿ ಕಾರಣ. ಎರಡರ ಹಿಂದೆಯೂ ಇದ್ದುದು ಜೀವನೋಪಾಯದ ಪ್ರಶ್ನೆಯೇ ಎಂಬುದು ಗಮನಾರ್ಹ.

ಈ ಹಿನ್ನೆಲೆಯಲ್ಲಿ 1987ರಲ್ಲಿ ಆರಂಭವಾದ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ವಿಶೇಷ ಮಹತ್ವವನ್ನು ಪಡೆಯುತ್ತದೆ. ಇದರ ಸ್ಥಾಪಕ ಬಾಬ್ ಮನ್ರೋ ಕೆನಡಾ ದೇಶದವರಾದರೂ ಸಂಘದ ಕಾರ್ಯಭಾರ ಸ್ಥಳೀಯ ಹದಿಹರೆಯದವರ ಚುನಾಯಿತ ಸಮಿತಿಗಳ ಕೈಗೆ ಬಂದಿತು. ಸಂಘದ ಉದ್ದೇಶ ಕೇವಲ ಫುಟ್‌ಬಾಲ್ ಆಟವಾಗಿರಲಿಲ್ಲ. ತಂಡಗಳು ತಮ್ಮ ಕೇರಿಯ ಚರಂಡಿ ಮತ್ತು ಕಸವನ್ನು ತೆಗೆಯಬೇಕಿತ್ತು. ಗೆದ್ದ ಪಂದ್ಯಕ್ಕೆ 3 ಅಂಕ ದೊರೆತರೆ ಒಂದು ಶುಚಿಕಾರ್ಯಕ್ಕೆ 6 ಅಂಕ ದೊರೆಯುತ್ತಿತ್ತು. ತೀರ್ಪುಗಾರನೊಡನೆ ಮಾತನಾಡುವ ಹಕ್ಕು ನಾಯಕನಿಗೆ ಮಾತ್ರ. ಸಜ್ಜನಿಕೆಯಿಂದ ಆಡಿದವರನ್ನು ಹಸಿರು ಚೀಟಿ ನೀಡಿ ಗೌರವಿಸುವ ಪದ್ಧತಿಯೂ ಬೆಳೆಯಿತು. ಸೇವೆ ಸಲ್ಲಿಸಿದ ಯುವ ನಾಯಕರ ಶಾಲಾ ಶುಲ್ಕವನ್ನು ಸಂಘ ಭರಿಸುತ್ತಿತ್ತು. 1992ರಲ್ಲಿ ಹುಡುಗಿಯರ ತಂಡಗಳು ಸೇರಿದವು. ಈ ನಿಯಮಗಳು ಮೇಲ್ನೋಟಕ್ಕೆ ಆಟದ ನಿಯಮಗಳಾಗಿ ಕಂಡರೂ ಕೋಪವನ್ನು ಹಿಡಿತದಲ್ಲಿಡುವುದು, ತೀರ್ಪನ್ನು ಒಪ್ಪುವುದು, ಬೇರೆ ಜನಾಂಗದವನೊಡನೆ ಒಂದೇ ಚರಂಡಿಯಲ್ಲಿ ಇಳಿದು ಕೆಲಸ ಮಾಡುವುದು ಮೊದಲಾದ ನಾಗರಿಕ ಶಿಕ್ಷಣವನ್ನು ಅವು ನೀಡಿದವು. ಶಾಂತಿ ಎಂಬುದು ಗಲಭೆಯ ಮರುದಿನ ಮಾಡುವ ಉಪದೇಶವಲ್ಲ, ಗಲಭೆಗೆ ಮುನ್ನ ನಿತ್ಯವೂ ನಡೆಯಬೇಕಾದ ದುಡಿಮೆ ಎಂಬ ತಿಳಿವಳಿಕೆ ಇಲ್ಲಿ ರೂಪುಗೊಂಡಿತು.

ಈ ತಿಳಿವಳಿಕೆಗೆ ಕಠಿಣ ಪರೀಕ್ಷೆ ಒದಗಿದ್ದು 2007ರ ಡಿಸೆಂಬರ್ 27ರ ಚುನಾವಣೆಯ ಬಳಿಕ. ಮ್ವಾಯಿ ಕಿಬಾಕಿ ಅವರು ರೈಲಾ ಒಡಿಂಗಾ ಅವರನ್ನು ಸೋಲಿಸಿದರೆಂಬ ಘೋಷಣೆ ವಿವಾದಕ್ಕೊಳಗಾಗಿ ದೇಶದಾದ್ಯಂತ ಹಿಂಸೆ ಹಬ್ಬಿತು. ವಿಚಾರಣಾ ಆಯೋಗವು 1,133 ಸಾವುಗಳನ್ನು ದಾಖಲಿಸಿದೆ. ಕಿಬೆರಾದ ತೋಯಿ ಮಾರುಕಟ್ಟೆ ಸುಟ್ಟುಹೋಯಿತು. ರೈಲು ಹಳಿಗಳನ್ನು ಕಿತ್ತೆಸೆಯಲಾಯಿತು. ಮಥಾರೆಯೂ ಈ ಬೆಂಕಿಯಿಂದ ಪಾರಾಗಲಿಲ್ಲ. ಎರಡು ದಶಕಗಳ ಯುವ ಸಂಘಟನೆಯೂ ಹಿಂಸೆಯನ್ನು ತಡೆಯಲಾರದೆ ಹೋಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ದಿನಗಳಲ್ಲಿ ಸೋಲೋ ಸೆವೆನ್ ಎಂದು ಹೆಸರಾದ ಕಲಾವಿದ ಸಾಲೊಮನ್ ಮುಯುಂಡೊ ಕಿಬೆರಾದ ಗೋಡೆ, ಬಾಗಿಲು, ಬೀದಿಗಳ ಮೇಲೆ ಶಾಂತಿಯ ಮನವಿಗಳನ್ನು ಬರೆಯುತ್ತ ನಡೆದರು. 2008ರ ಫೆಬ್ರವರಿ 28ರಂದು ಕೋಫಿ ಅನ್ನಾನ್ ಅವರ ಮಧ್ಯಸ್ಥಿಕೆಯಲ್ಲಿ ರಾಜಕೀಯ ಒಪ್ಪಂದವಾಯಿತು. ಸಂಘದ ಮಡಿಲಿನಿಂದ 1994ರಲ್ಲಿ ಹುಟ್ಟಿದ ಮಥಾರೆ ಯುನೈಟೆಡ್ ತಂಡ ಆ ವರ್ಷವೇ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದುಕೊಂಡಿತು.

ತರುವಾಯದ ವರ್ಷಗಳಲ್ಲಿ ಯುವಜನರ ಸಾಧನಗಳು ಬದಲಾದವು. ಅದುವರೆಗೆ ನಕ್ಷೆಗಳಲ್ಲಿ ಬರಿದಾದ ಜಾಗವಾಗಿದ್ದ ಕಿಬೆರಾವನ್ನು 2009ರಲ್ಲಿ ಅಲ್ಲಿನ ಯುವಕ ಯುವತಿಯರೇ ‘ಮ್ಯಾಪ್ ಕಿಬೆರಾ’ ಯೋಜನೆಯಡಿ ಅಳೆದು, ಗುರುತಿಸಿ, ನಕ್ಷೆಯನ್ನು ಸಿದ್ಧಪಡಿಸಿದರು. ‘ನಾವೇ ಶಾಂತಿ’ ಎಂಬ ಅರ್ಥದ ಸ್ವಾಹಿಲಿ ಹೆಸರನ್ನುಳ್ಳ ‘ಸಿಸಿ ನಿ ಅಮಾನಿ’ ಸಂಸ್ಥೆಯು 2013ರ ಚುನಾವಣೆಯ ಕಾಲದಲ್ಲಿ ವದಂತಿಗಳನ್ನು ತಡೆಯಲು ಮೊಬೈಲ್ ಸಂದೇಶಗಳನ್ನು ಬಳಸಿತು. ಐದು ವರ್ಷಗಳ ಹಿಂದೆ ದ್ವೇಷವನ್ನು ಹರಡಿದ್ದ ಸಾಧನವೇ ಇಲ್ಲಿ ಶಾಂತಿಯ ಸಾಧನವಾಯಿತು. ಆ ಚುನಾವಣೆ ಬಹುಮಟ್ಟಿಗೆ ಶಾಂತವಾಗಿ ನಡೆಯಿತು. ಅದರ ಶ್ರೇಯಸ್ಸನ್ನು ಯುವ ಸಂಘಟನೆಗಳೊಂದಕ್ಕೇ ಸಲ್ಲಿಸುವುದು ಉತ್ಪ್ರೇಕ್ಷೆಯಾದೀತು. ಹೊಸ ಸಂವಿಧಾನ, ರಾಜಕೀಯ ಮೈತ್ರಿಗಳು, ನ್ಯಾಯಾಂಗದ ಮೇಲಿನ ವಿಶ್ವಾಸಗಳೂ ಕಾರಣಗಳಾಗಿದ್ದವು.

2017ರ ಚುನಾವಣೆಯ ಬಳಿಕ ಕಿಬೆರಾ, ಮಥಾರೆಗಳಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದಾಗ ಮತ್ತೊಂದು ಪ್ರಶ್ನೆ ಎದುರಾಯಿತು. ನೆರೆಹೊರೆಯವರ ನಡುವಿನ ಹಿಂಸೆಯನ್ನು ಯುವಕರು ತಡೆಯಬಹುದು. ಪ್ರಭುತ್ವದ ಹಿಂಸೆಯನ್ನು ತಡೆಯುವವರು ಯಾರು? 2010ರ ದಶಕದಲ್ಲಿ ಸ್ಥಾಪಿತವಾದ ಮಥಾರೆ ಸೋಷಿಯಲ್ ಜಸ್ಟಿಸ್ ಸೆಂಟರ್ ಪೊಲೀಸ್ ಹತ್ಯೆಗಳನ್ನು ಒಂದೊಂದಾಗಿ ದಾಖಲಿಸಿ 2017ರಲ್ಲಿ ವರದಿ ಪ್ರಕಟಿಸಿದ್ದು ಈ ಪ್ರಶ್ನೆಗೆ ಅಲ್ಲಿನವರೇ ಕಂಡುಕೊಂಡ ಉತ್ತರ. ಇಲ್ಲಿ ಶಾಂತಿಯ ಮಾತು ನ್ಯಾಯದ ಮಾತಾಗಿ ಬೆಳೆದಿದೆ.

ಶಾಂತಿಸ್ಥಾಪನೆಯಲ್ಲಿ ಯುವಜನರ ಪಾತ್ರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 2250ನೆಯ ನಿರ್ಣಯದ ಮೂಲಕ ಮಾನ್ಯ ಮಾಡಿದ್ದು 2015ರ ಡಿಸೆಂಬರಿನಲ್ಲಿ. ಮಥಾರೆಯ ಮಕ್ಕಳು ಚರಂಡಿ ಶುಚಿಗೊಳಿಸಿ ಅಂಕ ಗಳಿಸತೊಡಗಿದ ಮೇಲೆ ಹಲವು ವರ್ಷಗಳೇ ಕಳೆದಿದ್ದವು. ನೆಲದ ಹಕ್ಕು, ನ್ಯಾಯವಾದ ಬಾಡಿಗೆ, ಹೊಣೆಯರಿತ ಪೊಲೀಸ್ ವ್ಯವಸ್ಥೆ ಇವುಗಳನ್ನು ಯಾವ ಯುವಕ ಸಂಘವೂ ತಾನಾಗಿ ಸೃಷ್ಟಿಸಲಾರದು. ಆದರೆ ಅವುಗಳಿಗಾಗಿ ಕಾಯುತ್ತಿರುವ ಕಾಲದಲ್ಲಿ ಪಕ್ಕದ ಮನೆಯವನನ್ನು ಶತ್ರುವೆಂದು ಕಾಣದಿರುವ ಅಭ್ಯಾಸವನ್ನು ಅದು ಬೆಳೆಸಬಲ್ಲದು. ನಗರ ಚರಿತ್ರೆಯು ಈ ಅಭ್ಯಾಸವನ್ನೂ ತನ್ನ ಆಕರಗಳಲ್ಲಿ ಒಂದಾಗಿ ಪರಿಗಣಿಸುವುದು ಅಗತ್ಯವಾಗಿದೆ.