ಮಿಲಾಗ್ರಿಸ್ ಇಗರ್ಜಿ, ಮಂಗಳೂರು

ಮಂಗಳೂರಿನ ಹಂಪನಕಟ್ಟೆಯಲ್ಲಿರುವ, ಪವಾಡಗಳ ಮಾತೆಗೆ ಸಮರ್ಪಿತವಾದ ಪುರಾತನ ಕಥೋಲಿಕ ದೇವಾಲಯ. ‘ಮಿಲಾಗ್ರಿ’ ಎಂಬ ಪೋರ್ಚುಗೀಸ್ ಪದಕ್ಕೆ ಪವಾಡವೆಂದೇ ಅರ್ಥ. ಕೆಳದಿಯ ಸೀಮೆಯ ಅರಸಿಯೂ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಧೀರೆಯೂ ಆದ ಚೆನ್ನಮ್ಮಾಜಿಯು ದಯಪಾಲಿಸಿದ ಭೂಮಿಯಲ್ಲಿ, ಗೋವೆಯ ದಿವಾಡಿ ದ್ವೀಪದವರಾದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು 1680ರಲ್ಲಿ ಇದನ್ನು ಕಟ್ಟಿಸಿದರು. ವೀರಶೈವ ರಾಣಿಯೊಬ್ಬಳು ಪರಧರ್ಮದ ಆರಾಧನೆಗೆ ನೆಲವನ್ನಿತ್ತ ಈ ಔದಾರ್ಯವು ಮಲೆನಾಡಿನ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಪಾತ್ರವಾಗಬೇಕಾದುದು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಯು ನೆಲಸಮವಾಯಿತು. 1799ರ ತರುವಾಯ ಮರಳಿ ಬಂದ ಜನರು ಅದನ್ನು ಪುನಃ ಎತ್ತಿದರು. ಇಂದಿನ ಕಟ್ಟಡವು 1911ರ ಕಾಲದ್ದು.

ಬೀದಿಯಿಂದ ಒಳಹೊಕ್ಕವರಿಗೆ ಮೊದಲು ಎದುರಾಗುವುದು ಎತ್ತರದ ಕಂಬಗಳನ್ನುಳ್ಳ ಬಿಳಿಯ ಮುಖಮಂಟಪ. ಯುರೋಪಿನ ಶಾಸ್ತ್ರೀಯ ಶೈಲಿಯ ಆ ಗಂಭೀರ ಮುಖದ ಹಿಂದೆ, ಆಷಾಢದ ಜಡಿಮಳೆಯನ್ನು ಇಳಿಜಾರಿನಲ್ಲಿ ಹರಿಯಬಿಡುವ ಹೆಂಚಿನ ಮಾಡು ಚಾಚಿಕೊಂಡಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ನಗರದಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ಹೆಸರನ್ನು ದೇಶಾಂತರಕ್ಕೆ ಒಯ್ದುದು ಇಂಥ ಕೆಂಪು ಹೆಂಚೇ.