ಅಂಗೈಯಲ್ಲಿ ಬೆಳಕಿನ ಲೆಕ್ಕ: ವೆಸ್ಟನ್ ಮಾಸ್ಟರ್

ಅಮೆರಿಕದ ನ್ಯೂಅರ್ಕ್‌ನಲ್ಲಿ ವೆಸ್ಟನ್ ಕಂಪನಿ 1932ರಿಂದ ತಯಾರಿಸುತ್ತ ಬಂದ ಲೈಟ್ ಮೀಟರ್‌ಗಳ ಸಾಲಿಗೆ ಸೇರಿದ್ದು ವೆಸ್ಟನ್ ಮಾಸ್ಟರ್. ಬ್ಯಾಟರಿ ಬೇಡ. ಹಿಂಬದಿಯ ಉಬ್ಬುಗಾಜಿನ ಒಳಗೆ ಸೆಲೆನಿಯಂ ಕೋಶವಿದೆ. ಬೆಳಕು ಬಿದ್ದೊಡನೆ ಅದರಲ್ಲೇ ಸಣ್ಣ ವಿದ್ಯುತ್ ಹುಟ್ಟಿ ಮುಳ್ಳನ್ನು ಸರಿಸುತ್ತದೆ. ಬಿಸಿಲು ಜೋರಾಗಿದ್ದರೆ ತೂತುಗಳುಳ್ಳ ಮುಚ್ಚಳ ಹಾಕಬೇಕು, ಮಬ್ಬಿದ್ದರೆ ತೆರೆಯಬೇಕು.

ಫಿಲ್ಮ್ ವೇಗವನ್ನು ಕೂರಿಸಿ, ಮುಳ್ಳು ತೋರಿದ ಅಂಕಿಗೆ ಡಯಲ್‌ನ ಬಾಣ ತಿರುಗಿಸಿದರೆ ಷಟರ್ ವೇಗಗಳೂ ಅಪರ್ಚರ್‌ಗಳೂ ಜೋಡಿಜೋಡಿಯಾಗಿ ಎದುರುಬದುರು ನಿಲ್ಲುತ್ತವೆ. ಹಳೆಯ ಡಯಲ್‌ಗಳಲ್ಲಿರುವುದು ವೆಸ್ಟನ್ ಅಂಕಿ: ಇಂದಿನ 100ರ ಫಿಲ್ಮ್‌ಗೆ ಅಲ್ಲಿ 80. ಇಷ್ಟು ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ. ಕಷ್ಟವಿರುವುದು ಬೇರೆಡೆ. ಮೀಟರ್‌ಗೆ ಮಲ್ಲಿಗೆಯೂ ಒಂದೇ, ಇದ್ದಿಲೂ ಒಂದೇ. ಎರಡನ್ನೂ ನಡುಬೂದು ಎಂದೇ ಎಣಿಸುತ್ತದೆ. ಬಿಳಿಯದನ್ನು ಅಳೆದಾಗ ಬೆಳಕು ಹೆಚ್ಚಿಸುವುದು, ಕರಿಯದಕ್ಕೆ ತಗ್ಗಿಸುವುದು ಹಿಡಿದವರ ಕೆಲಸ.

1941ರ ಒಂದು ಸಂಜೆ, ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಬಳಿ, ಸ್ಮಶಾನದ ಮೇಲಿನ ಚಂದ್ರನನ್ನು ಸೆರೆಹಿಡಿಯಲು ಹೊರಟ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರಿಗೆ ತಮ್ಮ ವೆಸ್ಟನ್ ಮೀಟರ್ ಸಿಗಲೇ ಇಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ನೆನಪಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಕ್ಲಿಕ್ಕಿಸಿದರು. ಎರಡನೆಯ ನೆಗೆಟಿವ್‌ಗೆ ಅಣಿಯಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರಿಹೋಗಿತ್ತು.